ಕರೆಂಟಿನ ಶ್ರುತಿಗೆ ತಂತಿ ಕಟ್ಟಿದ್ದು

ಬೀದಿಯ ಟಿಸಿ (ಕರೆಂಟಿನ ಟ್ರಾನ್ಸ್‌ಫಾರ್ಮರ್) ಪಕ್ಕ ಒಂದು ನಿಮಿಷ ಸುಮ್ನೆ ನಿಂತರೆ ಗುಂಯ್ ಎನ್ನುವ ಸದ್ದು ಕೇಳುತ್ತದೆ. ಆ ಸದ್ದಿಗೊಂದು ಖಚಿತವಾದ ಶ್ರುತಿ ಇದೆ. ನಮ್ಮ ಕರೆಂಟ್ ಸೆಕೆಂಡಿಗೆ 50 ಸಲ ಹಿಂದೆ ಮುಂದೆ ಹರಿಯುತ್ತದೆ. ಹೋಗುವಾಗ ಒಮ್ಮೆ, ಬರುವಾಗ ಒಮ್ಮೆ ಒಳಗಿನ ಕಬ್ಬಿಣ ಅಯಸ್ಕಾಂತವಾಗುತ್ತದೆ. ಎರಡು ಸಲವೂ ಅದರ ಉದ್ದ ಕಣ್ಣಿಗೆ ಕಾಣದಷ್ಟು ಬದಲಾಗುತ್ತದೆ. ಹಾಗಾಗಿ ನಮಗೆ ಕೇಳುವುದು 50 ಅಲ್ಲ, 100 ಹರ್ಟ್ಜ್. ಸಾಗರದ ಟಿಸಿಯಲ್ಲೂ ಅದೇ, ಬೆಂಗಳೂರಿನದರಲ್ಲೂ ಅದೇ, ದೆಹಲಿಯದರಲ್ಲೂ ಅದೇ.

ಈ ಶ್ರುತಿಗೆ ಉಕ್ಕಿನ ತಂತಿಗಳನ್ನು ಕಟ್ಟಿ, ಯಾರೂ ಮುಟ್ಟದೆ, ಮೀಟದೆ, ಬರೀ ಅಯಸ್ಕಾಂತದ ಸೆಳೆತದಿಂದ ನುಡಿಯುವ ಹಾಗೆ ಮಾಡಬೇಕು ಅಂತ ನನಗೆ ಬಹಳ ಕಾಲದಿಂದ ಆಸೆ ಇತ್ತು. ಸಾಗರದ ಹತ್ತಿರದ ನಮ್ಮ ಹಳೇ ಮನೆಯಲ್ಲಿ ಅದನ್ನು ಕೊನೆಗೂ ಮಾಡಿದೆ. ಹೇಗೆ ಮಾಡಿದೆ, ಮಾಡುವಾಗ ಏನೇನು ಕಂಡೆ, ಏನೇನು ಕೇಳಿದೆ ಅನ್ನುವುದನ್ನು ಇಲ್ಲಿ ಬರೆಯುತ್ತಿದ್ದೇನೆ.

ಬಿಎಸ್ಸಿ ಓದಿದವರಿಗೆ ಸೋನೋಮೀಟರ್ ನೆನಪಿರಬಹುದು. ಉದ್ದನೆಯ ಮರದ ಪೆಟ್ಟಿಗೆ, ಮೇಲೊಂದು ತಂತಿ, ತುದಿಯಲ್ಲಿ ತೂಕ. ತಂತಿಯ ಮೇಲೆ ವಿದ್ಯುತ್ಕಾಂತ ಹಿಡಿದು, ತಂತಿಯ ಮೇಲೆ ಮಡಚಿದ ಕಾಗದದ ಚೂರು ಇಟ್ಟು, ಉದ್ದವನ್ನು ಸರಿಮಾಡುತ್ತ ಹೋಗಬೇಕು. ಒಂದು ಹಂತದಲ್ಲಿ ಕಾಗದ ಎಗರಿ ಬೀಳುತ್ತದೆ. ಆಗ ಉದ್ದ ಅಳೆದು, ಲೆಕ್ಕ ಮಾಡಿ, ಎರಡರಿಂದ ಭಾಗಿಸಿ 50 ಎಂದು ರೆಕಾರ್ಡ್ ಬುಕ್ಕಿನಲ್ಲಿ ಬರೆದರೆ ಮುಗಿಯಿತು. ಕಾಗದ ಬಿದ್ದ ಕೂಡಲೇ ಎಲ್ಲರೂ ಸ್ವಿಚ್ ಆಫ್ ಮಾಡುತ್ತಾರೆ. ನನಗೋ, ಕಾಗದ ಬಿದ್ದ ಮೇಲೇ ನಿಜವಾದ ವಿಷಯ ಶುರುವಾಗುತ್ತದೆ ಅನ್ನಿಸುತ್ತಿತ್ತು. ಯಾಕೆಂದರೆ ಆಗ ತಂತಿ ಹಾಡುತ್ತಿರುತ್ತದೆ.

ಈ ದಾರಿಯಲ್ಲಿ ಮುಂಚೆ ಹೋದವರು ಇದ್ದಾರೆ. ಅಥೆನ್ಸ್‌ನಲ್ಲಿ 1925ರಲ್ಲಿ ಹುಟ್ಟಿದ ಟಾಕಿಸ್ ಎಂಬ ಶಿಲ್ಪಿ 1959ರ ಹೊತ್ತಿಗೆ ಅಯಸ್ಕಾಂತವನ್ನೇ ತನ್ನ ಶಿಲ್ಪದ ಸಾಮಗ್ರಿ ಮಾಡಿಕೊಂಡ. ಅರವತ್ತರ ದಶಕದಲ್ಲಿ ಅವನು ಸದ್ದು ಮಾಡುವ ಶಿಲ್ಪಗಳನ್ನು ಕಟ್ಟಿದ. ಒಂದು ಬಿಳಿ ಹಲಗೆ, ಅದಕ್ಕೆ ಅಡ್ಡಲಾಗಿ ಬಿಗಿದ ತಂತಿ, ಮುಂದೆ ದಾರದಲ್ಲಿ ತೂಗುವ ದಪ್ಪ ಸೂಜಿ, ಹಿಂದೆ ಅಡಗಿಸಿದ ವಿದ್ಯುತ್ಕಾಂತ. ಕರೆಂಟ್ ಬಂದಾಗ ಸೂಜಿ ಸೆಳೆತಕ್ಕೆ ಸಿಕ್ಕಿ ತಂತಿಗೆ ತಾಗುತ್ತದೆ, ಆಂಪ್ಲಿಫೈಯರ್ ಆ ಸದ್ದನ್ನು ಕೋಣೆ ತುಂಬಿಸುತ್ತದೆ. ಕರೆಂಟ್ ಹೋದರೆ ಸೂಜಿ ತೂಗಾಡುತ್ತ ದೂರ ಸರಿಯುತ್ತದೆ. ಲಂಡನ್ನಿನ ಟೇಟ್ ಮಾಡರ್ನ್‌ನಲ್ಲಿ 2019ರಲ್ಲಿ ಅವನ ದೊಡ್ಡ ಪ್ರದರ್ಶನ ನಡೆದಾಗ ಕೆಲಸದ ಮೇಲೆ ಅಲ್ಲಿಗೆ ಹೋಗಿದ್ದ ನನಗೆ ಅವನ್ನು ನೋಡುವ ಅದೃಷ್ಟ ಸಿಕ್ಕಿತು. ಪ್ರದರ್ಶನ ನಡೆಯುತ್ತಿರುವಾಗಲೇ, ಆಗಸ್ಟ್‌ನಲ್ಲಿ, ಅವನು ತೀರಿಕೊಂಡ.

ಇನ್ನೊಬ್ಬರು ಅಮೆರಿಕದ ಸಂಯೋಜಕ ಆಲ್ವಿನ್ ಲೂಸಿಯರ್. 1977ರಲ್ಲಿ ಅವರು ಒಂದು ಉದ್ದನೆಯ ತೆಳು ತಂತಿಯನ್ನು ಬಲವಾದ ಅಯಸ್ಕಾಂತದ ಎರಡು ಧ್ರುವಗಳ ನಡುವೆ ಹಾಯಿಸಿ, ತಂತಿಯಲ್ಲೇ ಕರೆಂಟ್ ಹರಿಸಿದರು. ಶ್ರುತಿ ಇಟ್ಟು ಕೈಬಿಡುವುದು, ಆಮೇಲೆ ಮುಟ್ಟುವುದೇ ಇಲ್ಲ. ಗಾಳಿ, ಶಾಖ, ನಡೆದಾಡುವ ಜನ, ಇವಕ್ಕೆಲ್ಲ ತಂತಿ ತನ್ನ ಪಾಡಿಗೆ ತಾನು ಉತ್ತರ ಕೊಡುತ್ತ ಹೋಗುತ್ತದೆ. 1979ರಲ್ಲಿ ಆಲ್ಬುಕರ್ಕಿ ನಗರದ ಒಂದು ಶಾಪಿಂಗ್ ಮಾಲ್‌ನಲ್ಲಿ ಅದನ್ನು ಕಟ್ಟಿ, ಐದು ಹಗಲು ಐದು ರಾತ್ರಿ ರೇಡಿಯೋದಲ್ಲಿ ಬಿತ್ತರಿಸಿದ್ದರು.

ಟಾಕಿಸ್ ದಾರಿ ಹೊಡೆಯುವುದು, ಲೂಸಿಯರ್ ದಾರಿ ಕಂಪಿಸುತ್ತ ಬಿಡುವುದು. ನನ್ನ ಮನಸ್ಸು ಎರಡನೆಯದರ ಕಡೆಗೇ ಜಾಸ್ತಿ. ಆದರೆ ಲೂಸಿಯರ್ ಬಳಸಿದ್ದು ಆಸಿಲೇಟರ್, ಅಂದರೆ ಬೇಕಾದ ಶ್ರುತಿಗೆ ಕರೆಂಟ್ ಹುಟ್ಟಿಸುವ ಉಪಕರಣ. ನಾನು ಬಳಸಬೇಕೆಂದಿದ್ದು ಮನೆಗೆ ಬರುವ ಕರೆಂಟನ್ನೇ.

ತಂತಿಯನ್ನು ಎಳೆಯುವ ವಿದ್ಯುತ್ಕಾಂತಕ್ಕೆ ಕಾಯಿಲ್ ಕಟ್ಟಿಸಲು ಮೋಟರ್ ವೈಂಡಿಂಗ್ ಅಂಗಡಿಗೆ ಹೋದೆ. ಅಡಿಕೆ ತೋಟದ ಪಂಪ್‌ಸೆಟ್ ಸುಟ್ಟರೆ ನಮ್ಮ ಕಡೆಯವರೆಲ್ಲ ಓಡುವುದು ಅಲ್ಲಿಗೇ. ಅಂಗಡಿಯವರು ಕತ್ತೆತ್ತದೆ ಕೇಳಿದರು, "ಎಷ್ಟು ಎಚ್‌ಪಿದು ಸಾರ್?"

"ಮೋಟರ್‌ಗಲ್ಲ ಅಣ್ಣ. ಒಂದು ತಂತಿ ಅಲ್ಲಾಡಿಸಬೇಕು."

ಆಗ ಕತ್ತೆತ್ತಿದರು. ಕಾಗದದ ಮೇಲೆ ಚಿತ್ರ ಬರೆದು ತೋರಿಸಿದೆ. 28 ಗೇಜಿನ ತಾಮ್ರದ ತಂತಿ, ಒಂದು ಸಾವಿರ ಸುತ್ತು, ನಡುವೆ ಹೆಬ್ಬೆರಳು ಹೋಗುವಷ್ಟು ತೂತು. ಸುಮಾರು 70 ಮೀಟರ್ ತಂತಿ ಬೇಕು, 11 ಓಮ್‌ನಷ್ಟು ಪ್ರತಿರೋಧ ಬರುತ್ತದೆ. 12 ವೋಲ್ಟ್ ಕೊಟ್ಟರೆ ಕರೆಂಟ್ ಹೆಚ್ಚೆಂದರೆ ಒಂದು ಆಂಪಿಯರಿನ ಆಸುಪಾಸು. ಲೆಕ್ಕ ನೋಡಿ ಅವರು ತಲೆಯಾಡಿಸಿದರು. ಆಮೇಲೆ ಕೇಳಿದ ಪ್ರಶ್ನೆ ಬಹಳ ಮುಖ್ಯವಾದದ್ದು, "ಒಳಗೆ ಏನ್ ಹಾಕ್ತೀರಿ?"

ಬೋಲ್ಟ್ ಎಂದೆ.

"ಎಸಿ ಕೊಡೋದಾದ್ರೆ ಬೋಲ್ಟ್ ಬೇಡ ಸಾರ್. ಮೋಟರ್ ಒಳಗೆ ಗಟ್ಟಿ ಕಬ್ಬಿಣ ಇಡ್ತಾರಾ? ತಗಡು ಜೋಡಿಸಿ ಇಡ್ತಾರೆ. ಗಟ್ಟಿ ಇಟ್ರೆ ಕಬ್ಬಿಣವೇ ಕಾದುಬಿಡುತ್ತೆ."

ಅವರು ಹೇಳಿದ್ದು ಅಕ್ಷರಶಃ ನಿಜ. ದಿಕ್ಕು ಬದಲಿಸುತ್ತಲೇ ಇರುವ ಕರೆಂಟ್, ನಡುವಿನ ಕಬ್ಬಿಣದೊಳಗೂ ಸುಳಿಸುಳಿಯಾಗಿ ಕರೆಂಟ್ ಎಬ್ಬಿಸುತ್ತದೆ. ಅದೆಲ್ಲ ಶಾಖವಾಗಿ ಹಾಳಾಗುತ್ತದೆ. ಕಬ್ಬಿಣವನ್ನು ಸೀಳಿ ಸೀಳಿ ಇಟ್ಟರೆ ಸುಳಿಗಳಿಗೆ ಜಾಗ ಸಿಗುವುದಿಲ್ಲ. ಅದಕ್ಕೆ ಅವರೇ ಒಂದು ಉಪಾಯ ಹೇಳಿದರು. ಸೆಂಟ್ರಿಂಗ್ ಕೆಲಸದವರು ಸರಳು ಕಟ್ಟುವ ಬೈಂಡಿಂಗ್ ವೈರ್ ಇದೆಯಲ್ಲ, ಅದನ್ನು ಬೆರಳುದ್ದಕ್ಕೆ ಕತ್ತರಿಸಿ, ವಾರ್ನಿಷ್‌ನಲ್ಲಿ ಅದ್ದಿ, ಕಟ್ಟು ಮಾಡಿ ತೂತಿಗೆ ತುರುಕುವುದು. ಅದು ಕಾಸಿ ಮೆತ್ತಗೆ ಮಾಡಿದ ಕಬ್ಬಿಣ. ಕರೆಂಟ್ ಬಂದಾಗ ಅಯಸ್ಕಾಂತ, ಹೋದಾಗ ಬರೀ ಕಬ್ಬಿಣ. ನಮಗೆ ಬೇಕಾದ್ದೂ ಅದೇ ಅಲ್ವಾ.

ಅವರು ಕಾಯಿಲ್ ಸುತ್ತುವುದನ್ನು ನೋಡುತ್ತ ಕೂತೆ. ಬಲಗೈಯಲ್ಲಿ ಹಿಡಿಕೆ ತಿರುಗುತ್ತಿದೆ. ಎಡಗೈಯ ಎರಡು ಬೆರಳ ನಡುವೆ ಹಳೇ ಬಟ್ಟೆ ಚೂರು, ಅದರೊಳಗೆ ತಾಮ್ರದ ತಂತಿ ಜಾರುತ್ತಿದೆ. ಬಿಗಿ ಎಷ್ಟಿರಬೇಕು ಅನ್ನುವುದು ಆ ಬೆರಳಿಗೆ ಗೊತ್ತು. ಒಂದು ಪದರ ಮುಗಿದಾಗ ಕಾಗದ ಸುತ್ತಿ, ಅದರ ಮೇಲೆ ಇನ್ನೊಂದು ಪದರ. ಸುತ್ತಿನ ಪಕ್ಕ ಸುತ್ತು ಒಂದಕ್ಕೊಂದು ಆನಿಕೊಂಡು ಬರುತ್ತಿತ್ತು, ಎಲ್ಲೂ ಮೇಲೇರಲಿಲ್ಲ. ಕೊನೆಗೆ ವಾರ್ನಿಷ್ ಕುಡಿಸಿ ಒಣಗಲು ಇಟ್ಟರು. ತಾಮ್ರ ತೂಗಿ ದುಡ್ಡು ತಗೊಂಡರು. "ಅಲ್ಲಾಡಿಸಿದ ಮೇಲೆ ಹೇಳಿ, ಬರ್ತೀನಿ" ಅಂದರು. ಆಮೇಲೆ ಬಂದರು ಕೂಡ.

ತಂತಿ ಕಟ್ಟುವುದರಲ್ಲಿ ದೊಡ್ಡ ಪ್ರಶ್ನೆ ಬಿಗಿಯದು. ವೀಣೆ, ತಂಬೂರಿಗಳಲ್ಲಿರುವ ಹಾಗೆ ಬಿರಡೆ ಹಾಕಿ ಬಿಗಿಯಬಹುದಿತ್ತು. ಆದರೆ ಎರಡೂ ತುದಿ ಕಚ್ಚಿ ಹಿಡಿದ ಉಕ್ಕಿನ ತಂತಿ ಬಿಸಿಲೇರಿದ ಹಾಗೆ ಹಿಗ್ಗಿ ಸಡಿಲವಾಗುತ್ತದೆ. ನಾನು ಆರಿಸಿದ ಅರ್ಧ ಮಿಲಿಮೀಟರ್ ದಪ್ಪದ ಪಿಯಾನೋ ತಂತಿಯಲ್ಲಿ ಒಂದು ಡಿಗ್ರಿ ಶಾಖ ಏರಿದರೆ ಶ್ರುತಿ ಸುಮಾರು 0.1 ಹರ್ಟ್ಜ್ ಇಳಿಯುತ್ತದೆ. ಹಾಡುಗಾರಿಕೆಗೆ ಅದು ಲೆಕ್ಕಕ್ಕೇ ಇಲ್ಲ. ನನ್ನ ಕೆಲಸಕ್ಕೆ ಅದು ತುಂಬಾ ದೊಡ್ಡದು, ಯಾಕೆ ಅಂತ ಮುಂದೆ ಹೇಳುತ್ತೇನೆ. ಹಾಗಾಗಿ ಸೋನೋಮೀಟರಿನ ಉಪಾಯವನ್ನೇ ಹಿಡಿದೆ. ಬಿಗಿ ಕೊಡುವುದು ತೂಕ. ತಂತಿ ಹಿಗ್ಗಿದರೆ ತೂಕ ಒಂದೆಳೆ ಕೆಳಗಿಳಿಯುತ್ತದೆ, ಬಿಗಿ ಹಾಗೇ ಇರುತ್ತದೆ.

ಮನೆಯ ನಡುಮನೆಯಲ್ಲಿ ಹಳೇ ತೊಲೆ ಇದೆ. ತೊಲೆಗೆ ಹಲಸಿನ ಮರದ ತೆಳು ಪೆಟ್ಟಿಗೆ ಕಟ್ಟಿಸಿದೆ. ವೀಣೆಗೆ ಹಲಸು ಬಳಸುವುದು ಸುಮ್ನೆ ಅಲ್ಲ. ಅದು ಹಗುರ, ಗಟ್ಟಿ, ಸದ್ದನ್ನು ನುಂಗುವುದಿಲ್ಲ. ಪೆಟ್ಟಿಗೆಯ ಅಡಿಯ ಹಲಗೆಯಿಂದ ತಂತಿ ನೇರ ಕೆಳಗೆ ಬರುತ್ತದೆ. ಎರಡು ಮೀಟರ್ ಕೆಳಗೆ ಗಟ್ಟಿ ಕಂಬಕ್ಕೆ ಬಿಗಿದ ಮರದ ಕುದುರೆ (ತಂತಿ ಆನಿಕೊಳ್ಳುವ ತುಂಡು), ಅದರ ಕೆಳಗೆ ತೂಕ. ಗುಜರಿ ಅಂಗಡಿಯಲ್ಲಿ ಹಳೇ ಕಬ್ಬಿಣದ ತೂಕದ ಕಲ್ಲುಗಳು ಸಿಕ್ಕವು, 20 ಕೆಜಿಯವು, 5 ಕೆಜಿಯವು. ಎರಡು ಮೀಟರ್ ಉದ್ದ, ಅರ್ಧ ಮಿಲಿಮೀಟರ್ ದಪ್ಪದ ಉಕ್ಕಿನ ತಂತಿಗೆ ಸುಮಾರು 25 ಕೆಜಿ ತೂಗುಹಾಕಿದರೆ ಅದು 100 ಹರ್ಟ್ಜ್‌ಗೆ ನಿಲ್ಲುತ್ತದೆ. ತೂಕವನ್ನು ಕಾಲುಭಾಗ ಮಾಡಿದರೆ, ಅಂದರೆ ಆರೂಕಾಲು ಕೆಜಿ, ಸರಿಯಾಗಿ ಒಂದು ಸ್ಥಾಯಿ ಕೆಳಗೆ, 50ಕ್ಕೆ.

ಕಾಯಿಲನ್ನು ತಂತಿಯ ನಡುಮಧ್ಯಕ್ಕೆ ಎದುರಾಗಿ ಒಂದು ಕಬ್ಬಿಣದ ಪಟ್ಟಿಗೆ ಕೂರಿಸಿದೆ. ಪಟ್ಟಿಯನ್ನು ಹಿಂದೆ ಮುಂದೆ ಸರಿಸಲು 6 ಎಂಎಂ ಸ್ಕ್ರೂ. ಅದರ ಥ್ರೆಡ್ ಸರಿಯಾಗಿ ಒಂದು ಮಿಲಿಮೀಟರಿನದು, ಒಂದು ಸುತ್ತಿಗೆ ಒಂದು ಮಿಲಿಮೀಟರ್ ಸರಿಯುತ್ತದೆ. 230 ವೋಲ್ಟನ್ನು 12ಕ್ಕೆ ಇಳಿಸುವ ಟ್ರಾನ್ಸ್‌ಫಾರ್ಮರ್, ಒಂದು ಫ್ಯೂಸ್, ಒಂದು ಸ್ವಿಚ್. ಅಷ್ಟೇ. ಇದರಲ್ಲಿ ಎಲೆಕ್ಟ್ರಾನಿಕ್ಸ್ ಅಂತ ಏನೂ ಇಲ್ಲ. ಗೋಡೆಯ ಕರೆಂಟನ್ನು ಯಾವ ಕಾರಣಕ್ಕೂ ನೇರ ಕಾಯಿಲ್‌ಗೆ ಕೊಡಬಾರದು. ತೆರೆದ ತಂತಿ, ಕಬ್ಬಿಣ, ಜನರ ಕೈ ಎಲ್ಲ ಒಂದೇ ಜಾಗದಲ್ಲಿರುತ್ತವೆ.

ಸ್ವಿಚ್ ಹಾಕಿದಾಗ ಮೊದಲು ಕೇಳಿದ್ದು ಕಾಯಿಲಿನದೇ ಸಣ್ಣ ಗುಂಯ್. ತಂತಿ ಅಲ್ಲಾಡಲಿಲ್ಲ. ತೂಕ ಇನ್ನೂ ಒಂದಿಷ್ಟು ಕಡಿಮೆ ಇತ್ತು. ತೂಕದ ಕಲ್ಲಿನ ಕೊಕ್ಕೆಗೆ ಖಾಲಿ ನೀರಿನ ಬಾಟಲಿ ಕಟ್ಟಿದೆ. ಲೋಟದಲ್ಲಿ ನೀರು ತಗೊಂಡು ಸ್ವಲ್ಪ ಸ್ವಲ್ಪ ಸುರಿದೆ. 50 ಗ್ರಾಂ ನೀರಿಗೆ ಶ್ರುತಿ 0.1 ಹರ್ಟ್ಜ್ ಏರುತ್ತದೆ. ಇಷ್ಟು ನಯವಾಗಿ ಶ್ರುತಿ ಮಾಡುವ ಬಿರಡೆ ನಾನು ಇನ್ನೊಂದು ಕಂಡಿಲ್ಲ. ಸುರಿಯುತ್ತಿದ್ದ ಹಾಗೆ ತಂತಿಯ ನಡು ಮಸುಕಾಯಿತು. ಇನ್ನೊಂದು ಗುಟುಕು. ಮಸುಕು ಅಗಲವಾಯಿತು. ಮೇಲೆ ಹಲಸಿನ ಪೆಟ್ಟಿಗೆ ತುಂಬಿಕೊಂಡು ಮೊಳಗಲು ಶುರುವಾಯಿತು. ಯಾವ ಪೆಟ್ಟೂ ಇಲ್ಲದೆ, ಆರಂಭ ಎಲ್ಲಿ ಅಂತ ಗೊತ್ತಾಗದ ಹಾಗೆ ನಾದ ಬಂದು ನಿಂತಿತ್ತು. ತಂತಿಗೂ ಕಾಯಿಲಿಗೂ ನಡುವೆ ನಾಲ್ಕು ಮಿಲಿಮೀಟರ್ ಗಾಳಿ. ಅಲ್ಲಿ ಕಾಗದ ತೂರಿಸಿ ನೋಡಿದೆ, ನಾದಕ್ಕೆ ಏನೂ ಆಗಲಿಲ್ಲ. ತೆಳು ಕಬ್ಬಿಣದ ತಗಡು ತೂರಿಸಿದೆ, ನಾದ ಸೊರಗಿತು. ತೆಗೆದೆ, ಮತ್ತೆ ಬಂತು.

ಆ ನಾಲ್ಕು ಮಿಲಿಮೀಟರ್ ಇದೆಯಲ್ಲ, ಈ ವಾದ್ಯದ ಪ್ರಾಣ ಇರುವುದು ಅಲ್ಲಿ. ನಾನು ಜಾಸ್ತಿ ಹೊತ್ತು ಕಳೆದದ್ದೂ ಅಲ್ಲೇ. ಅಯಸ್ಕಾಂತದ ಸೆಳೆತ ಹತ್ತಿರವಾದಷ್ಟೂ ಏರುವುದು ಒಂದೇ ಸಮನಾಗಿ ಅಲ್ಲ, ಕಡಿದಾಗಿ. ಐದು ಮಿಲಿಮೀಟರಿನಲ್ಲಿ ನಾದ ಮೆತ್ತಗೆ, ದುಂಡಗೆ. ಮೂರಕ್ಕೆ ತಂದರೆ ತುಂಬುಗಂಠ. ಅದಕ್ಕೂ ಒಳಗೆ ತಂದರೆ ತಂತಿ ಬೀಸುವಾಗ ಒಂದು ಬದಿಗೆ ಜಾಸ್ತಿ ಎಳೆತ, ಇನ್ನೊಂದು ಬದಿಗೆ ಕಡಿಮೆ. ನಾದದಲ್ಲಿ ಮೇಲಿನ ಸ್ವರಗಳು ಹರಿತವಾಗಿ ಏಳುತ್ತವೆ. ಇನ್ನೂ ಹತ್ತಿರ ಹೋದರೆ ತಂತಿ ಕಬ್ಬಿಣಕ್ಕೇ ಬಡಿದು ಟರ್‍ರ್ ಅನ್ನುತ್ತದೆ. ಅಷ್ಟೇ ಅಲ್ಲ, ಹತ್ತಿರದ ಅಯಸ್ಕಾಂತ ತಂತಿಯ ಬಿಗಿಗೆ ಎದುರು ಎಳೆಯುವುದರಿಂದ ಶ್ರುತಿಯೂ ಒಂದೆಳೆ ಇಳಿಯುತ್ತದೆ. ಅಂದರೆ ಸ್ಕ್ರೂ ತಿರುಗಿಸಿದರೆ ಬಾಟಲಿಗೆ ನೀರು ಹಾಕಬೇಕು, ನೀರು ಹಾಕಿದರೆ ಬೀಸು ಬದಲಾಗುತ್ತದೆ, ಮತ್ತೆ ಸ್ಕ್ರೂ. ಒಂದು ಕೈ ಸ್ಕ್ರೂ ಮೇಲೆ, ಇನ್ನೊಂದು ಲೋಟದ ಮೇಲೆ. ಕಿವಿ ಮಾತ್ರ ಪೆಟ್ಟಿಗೆಯ ಕಡೆ. ಈ ಕೆಲಸಕ್ಕೆ ಸೂತ್ರ ಸಹಾಯ ಮಾಡುವುದಿಲ್ಲ. ತಂಬೂರಿಯ ಜೀವಾಳ ಹುಡುಕುವವರು ಕುದುರೆಯ ಮೇಲೆ ದಾರದ ಎಳೆಯನ್ನು ಕೂದಲಷ್ಟು ಹಿಂದೆ ಮುಂದೆ ಸರಿಸುತ್ತಾರಲ್ಲ, ಇದೂ ಅದೇ ಜಾತಿಯ ಕೆಲಸ.

50ರ ತಂತಿಯದು ಬೇರೆ ಕಥೆ. ಕಾಯಿಲ್ ಎಳೆಯುವುದು ಸೆಕೆಂಡಿಗೆ 100 ಸಲ, ಕರೆಂಟ್ ಯಾವ ದಿಕ್ಕಿಗೆ ಹರಿದರೂ ಕಬ್ಬಿಣವನ್ನು ಅದು ಎಳೆಯುತ್ತದೆಯೇ ಹೊರತು ತಳ್ಳುವುದಿಲ್ಲ. ಹಾಗಾದರೆ 50 ಎಲ್ಲಿಂದ ತರುವುದು? ಒಂದೇ ಒಂದು ಡಯೋಡ್ ಸೇರಿಸಿದರೆ ಸಾಕು. ಅದು ಒಂದು ದಿಕ್ಕಿನ ಕರೆಂಟನ್ನು ಬಿಟ್ಟು ಇನ್ನೊಂದನ್ನು ತಡೆಯುತ್ತದೆ. ಎರಡು ಎಳೆತದಲ್ಲಿ ಒಂದು ಹೋಯಿತು. ಉಳಿದದ್ದು ಸೆಕೆಂಡಿಗೆ 50. ಈ ಎಳೆತ ನಯವಾದ ಅಲೆಯಲ್ಲ, ಅದರಲ್ಲಿ 100 ಇದೆ, 150 ಕೂಡ ಇದೆ. 50 ಷಡ್ಜವಾದರೆ 100 ಮೇಲಿನ ಷಡ್ಜ, 150 ಅದರ ಪಂಚಮ. ಯಾರೂ ಶ್ರುತಿ ಮಾಡದೆ ಷಡ್ಜ ಪಂಚಮ ಒಂದೇ ತಂತಿಯಲ್ಲಿ ಸಿಕ್ಕಿತು.

ಪಂಚಮವನ್ನು ಮೊದಲು ಗುರುತಿಸಿದ್ದು ಚಿಕ್ಕಮ್ಮ. ಅವಳು ಚಿಕ್ಕಂದಿನಿಂದ ಹಾಡಿಕೊಂಡು ಬಂದವಳು, ಐದು ಮನೆ ಶ್ರುತಿಯಲ್ಲಿ (ಹಾರ್ಮೋನಿಯಂನ ಐದನೇ ಬಿಳಿ ಮನೆ) ಹಾಡುತ್ತಾಳೆ. ತಂತಿಗಳ ಮುಂದೆ ಕೂತು ಸ್ವಲ್ಪ ಹೊತ್ತು ಕೇಳಿ, "ಇದು ಐದಕ್ಕಿಂತ ಒಂದೆಳೆ ಮೇಲಿದೆ ಕಣೋ. ಒಳಗೊಂದು ಪಂಚಮವೂ ಕೇಳ್ತಿದೆ" ಅಂದಳು. ಅವಳ ಕಿವಿ ಸರಿಯಾಗಿಯೇ ಹೇಳಿತ್ತು. ಐದು ಮನೆಯ ಮಂದ್ರ ಷಡ್ಜ 98 ಹರ್ಟ್ಜ್, ಇದು 100. ತನ್ನ ತಂಬೂರಿಯನ್ನು ತಂದು, ಒಂದಿಷ್ಟು ಏರಿಸಿ, ಇದಕ್ಕೆ ಸೇರಿಸಿಕೊಂಡಳು. ಸೇರಿದ ಮೇಲೆ ಅವಳು ಕೈ ತೆಗೆದರೂ ತಂಬೂರಿ ತೆಳುವಾಗಿ ನುಡಿಯುತ್ತಿತ್ತು. ಪಕ್ಕದ ನಾದಕ್ಕೆ ಅದರ ತಂತಿಗಳೂ ದನಿಗೂಡಿಸುತ್ತಿದ್ದವು. ಹಾಗೇ ಕೂತು ಅವಳು ತುಂಬಾ ಹೊತ್ತು ಆಲಾಪನೆ ಮಾಡಿದಳು. ಇಡೀ ದೇಶದ ಕರೆಂಟನ್ನು ಶ್ರುತಿ ಮಾಡಿಕೊಂಡು ಹಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

ಇಡೀ ದೇಶದ ಅಂದಿದ್ದು ಮಾತಿಗಲ್ಲ. 2013ರ ಡಿಸೆಂಬರ್ 31ರಂದು ರಾಯಚೂರು–ಸೋಲಾಪುರ 765 ಕಿಲೋವೋಲ್ಟ್ ಲೈನಿನ ಮೂಲಕ ದಕ್ಷಿಣದ ಗ್ರಿಡ್ (ವಿದ್ಯುತ್ ಜಾಲ) ಉಳಿದ ದೇಶದ ಗ್ರಿಡ್‌ಗೆ ಜೋಡಿಕೊಂಡಿತು. ಅವತ್ತಿನಿಂದ ಕಾಶ್ಮೀರದಿಂದ ಕನ್ಯಾಕುಮಾರಿವರೆಗೆ ಒಂದೇ ಫ್ರೀಕ್ವೆನ್ಸಿ. ನಮ್ಮ ಶರಾವತಿಯ ಟರ್ಬೈನ್ ಇರಲಿ, ಉತ್ತರದ ಕಲ್ಲಿದ್ದಲು ಸ್ಥಾವರ ಇರಲಿ, ಎಲ್ಲ ಜನರೇಟರ್‌ಗಳೂ ಕೈಹಿಡಿದುಕೊಂಡು ಒಂದೇ ಲಯದಲ್ಲಿ ತಿರುಗುತ್ತಿರುತ್ತವೆ. ಬಳಕೆ ಜಾಸ್ತಿಯಾದರೆ ಎಲ್ಲವೂ ಒಟ್ಟಿಗೆ ಒಂದೆಳೆ ನಿಧಾನವಾಗುತ್ತವೆ, ಕಡಿಮೆಯಾದರೆ ಒಂದೆಳೆ ಚುರುಕಾಗುತ್ತವೆ. ನಿಯಮದ ಪ್ರಕಾರ ಅದು 49.90ರಿಂದ 50.05ರ ನಡುವೆ ಇರಬೇಕು.

0.1 ಹರ್ಟ್ಜ್ ಯಾಕೆ ದೊಡ್ಡದು ಅಂದೆನಲ್ಲ, ಅದು ಇದಕ್ಕೆ. ಉಕ್ಕಿನ ತಂತಿ ತನ್ನ ಸ್ವಂತ ಶ್ರುತಿಗೆ ಸರಿಯಾಗಿ ಎಳೆದರೆ ಮಾತ್ರ ತುಂಬಿ ನುಡಿಯುತ್ತದೆ. ಎಳೆತ ಒಂದಿಷ್ಟು ಆಚೆ ಈಚೆ ಆದರೆ ನುಡಿಯುವುದು ಅದೇ ಎಳೆತದ ಶ್ರುತಿಯನ್ನೇ, ಆದರೆ ಸಣ್ಣ ದನಿಯಲ್ಲಿ. ಗ್ರಿಡ್ 0.05 ಸರಿದರೆ ಕಾಯಿಲಿನ ಎಳೆತ ಅದರ ಎರಡರಷ್ಟು, 0.1 ಸರಿಯುತ್ತದೆ. ತಂತಿಗೆ ಅಷ್ಟು ಸಾಕು. ಹಾಗಾಗಿ ನಾದ ಒಂದೇ ಮಟ್ಟದಲ್ಲಿ ನಿಲ್ಲುವುದೇ ಇಲ್ಲ. ನಿಧಾನವಾಗಿ ಉಬ್ಬುತ್ತದೆ, ಇಳಿಯುತ್ತದೆ, ಒಮ್ಮೊಮ್ಮೆ ಕೇಳದಷ್ಟಾಗುತ್ತದೆ, ಮತ್ತೆ ಬರುತ್ತದೆ. ಇದನ್ನು ಕಂಡ ಮೇಲೆ 100ರ ತಂತಿಗಳನ್ನು ಎರಡು ಮಾಡಿದೆ. ಬಲಗಡೆಯದಕ್ಕೆ ಬಾಟಲಿಯಲ್ಲಿ ನೀರು ಜಾಸ್ತಿ, ಎಡಗಡೆಯದಕ್ಕೆ ಕಡಿಮೆ, ನಡುವೆ 100 ಗ್ರಾಂ ವ್ಯತ್ಯಾಸ. ದೇಶದಲ್ಲಿ ಬಳಕೆ ಏರಿ ಗ್ರಿಡ್ ತಗ್ಗಿದರೆ ಎಡಗಡೆಯದು ಎದ್ದು ನಿಲ್ಲುತ್ತದೆ. ಗ್ರಿಡ್ ಏರಿದರೆ ಬಲಗಡೆಯದು. ಇಬ್ಬರೂ ಹಾಡುವುದು ಒಂದೇ ಸ್ವರ, ಆದರೆ ದನಿ ಒಬ್ಬರಿಂದ ಒಬ್ಬರಿಗೆ ಹೋಗುತ್ತಿರುತ್ತದೆ.

ದಕ್ಷಿಣದ ಗ್ರಿಡ್ ನೋಡಿಕೊಳ್ಳುವ ಲೋಡ್ ಡಿಸ್ಪ್ಯಾಚ್ ಕೇಂದ್ರ ಇರುವುದು ಬೆಂಗಳೂರಿನಲ್ಲಿ. ಆ ಹೊತ್ತಿನ ಫ್ರೀಕ್ವೆನ್ಸಿಯನ್ನು ಇಂಟರ್ನೆಟ್‌ನಲ್ಲೇ ನೋಡಬಹುದು. ಫೋನಿನಲ್ಲಿ ಅದನ್ನು ತೆರೆದಿಟ್ಟುಕೊಂಡು ತಂತಿ ಕೇಳುತ್ತ ಕೂರುವುದು ನನಗೆ ಅಭ್ಯಾಸವಾಗಿಬಿಟ್ಟಿದೆ. ವಿದ್ಯುತ್ ಹಂಚಿಕೆಯ ಲೆಕ್ಕವನ್ನು 15 ನಿಮಿಷದ ತುಂಡುಗಳಾಗಿ ಮಾಡುತ್ತಾರೆ. ಒಂದು ತುಂಡು ಮುಗಿದು ಇನ್ನೊಂದು ಶುರುವಾಗುವಾಗ ಗ್ರಿಡ್ ಸಣ್ಣಗೆ ಕುಲುಕುವುದುಂಟು. ಗಂಟೆ ತುಂಬುವ ಹೊತ್ತಿಗೆ ಎರಡು ತಂತಿಗಳ ನಡುವೆ ದನಿ ಸರಕ್ಕನೆ ಅದಲುಬದಲಾಗುವುದನ್ನು ಕೇಳಿದಾಗ ನನಗೆ ಮೈ ಜುಂ ಎಂದಿತು. 2020ರ ಏಪ್ರಿಲ್ 5ರ ರಾತ್ರಿ ಒಂಬತ್ತಕ್ಕೆ ದೇಶವೆಲ್ಲ ಒಂಬತ್ತು ನಿಮಿಷ ದೀಪ ಆರಿಸಿತಲ್ಲ, ಆಗ ಫ್ರೀಕ್ವೆನ್ಸಿ 49.70ರಿಂದ 50.26ರವರೆಗೆ ಓಡಾಡಿತ್ತು. ಆ ರಾತ್ರಿ ಈ ತಂತಿಗಳು ಇದ್ದಿದ್ದರೆ ಏನು ನುಡಿಯುತ್ತಿದ್ದವೋ ಅಂತ ಈಗಲೂ ಯೋಚಿಸುತ್ತೇನೆ.

ಮಲೆನಾಡಿನ ಮಳೆಗಾಲದಲ್ಲಿ ಕರೆಂಟ್ ಹೋಗುವುದು ಹೊಸತಲ್ಲ. ಕರೆಂಟ್ ಹೋದ ಮೇಲೂ ತಂತಿ ಹತ್ತು ಸೆಕೆಂಡಿನಷ್ಟು ತನ್ನಷ್ಟಕ್ಕೆ ನುಡಿದು ಆರುತ್ತದೆ. ಆಗ ಮನೆಯ ಯುಪಿಎಸ್ ಶುರುವಾಗುತ್ತದೆ. ಬಲ್ಬಿಗೆ ಎರಡಕ್ಕೂ ವ್ಯತ್ಯಾಸ ಗೊತ್ತಾಗುವುದಿಲ್ಲ, ತಂತಿಗೆ ಗೊತ್ತಾಗುತ್ತದೆ. ಯುಪಿಎಸ್‌ಗೆ ತನ್ನದೇ ಫ್ರೀಕ್ವೆನ್ಸಿ, ಅದು ಗ್ರಿಡ್‌ನ ಹಾಗೆ ಅತ್ತಿತ್ತ ಹೋಗುವುದಿಲ್ಲ. ಬಲಗಡೆಯ ತಂತಿ ಒಂದೇ ಮಟ್ಟದಲ್ಲಿ ಹಿಡಿದುಕೊಂಡು ನಿಲ್ಲುತ್ತದೆ, ಎಡಗಡೆಯದು ಮೂಕ. ಉಸಿರಾಟ ಇಲ್ಲ. ಬೀದಿಯ ಕರೆಂಟ್ ವಾಪಸ್ ಬಂದದ್ದನ್ನು ಈಗ ಮನೆಯವರು ಈ ತಂತಿಗಳಿಂದಲೇ ತಿಳಿಯುತ್ತಾರೆ.

ಕಣ್ಣಿಗೂ ಇಲ್ಲೊಂದು ವಿಷಯ ಇದೆ. ಅಗ್ಗದ ಎಲ್‌ಇಡಿ ಬಲ್ಬ್‌ಗಳು ಇದೇ ಕರೆಂಟಿಗೆ ಸೆಕೆಂಡಿಗೆ 100 ಸಲ ಮಿನುಗುತ್ತವೆ. ಅಂಥ ಬಲ್ಬಿನ ಬೆಳಕಲ್ಲಿ 100ರ ತಂತಿಯನ್ನು ನೋಡಿದರೆ ಅದು ಕಂಪಿಸುತ್ತಿರುವಂತೆ ಕಾಣುವುದೇ ಇಲ್ಲ. ಒಂದು ಬದಿಗೆ ಸಣ್ಣಗೆ ಬಾಗಿ ನಿಂತುಬಿಟ್ಟಂತೆ ಕಾಣುತ್ತದೆ. ಪ್ರತಿ ಮಿನುಗಿಗೂ ತಂತಿ ಅದೇ ಜಾಗದಲ್ಲಿ ಸಿಕ್ಕಿಬೀಳುತ್ತದೆ, ಅದಕ್ಕೆ. 50ರದ್ದು ಎರಡು ತಂತಿಗಳಾಗಿ ಕಾಣುತ್ತದೆ, ಒಂದು ಸುತ್ತಿನಲ್ಲಿ ಅದಕ್ಕೆ ಎರಡು ಮಿನುಗು. ಅಲ್ಲಿಗೆ ಫೋನಿನ ಟಾರ್ಚ್ ಹಿಡಿದರೆ, ಅದು ಬ್ಯಾಟರಿಯ ಬೆಳಕಾದ್ದರಿಂದ, ತಂತಿ ತಕ್ಷಣ ಕದಿರಿನ ಆಕಾರದ ಮಸುಕಾಗುತ್ತದೆ. ಮಕ್ಕಳಿಗೆ ಇದನ್ನು ಎಷ್ಟು ತೋರಿಸಿದರೂ ಸಾಲದು. ನೋಡಲು ಬಂದ ಲೈನ್‌ಮ್ಯಾನ್ ಒಬ್ಬರು ಕಣ್ಣುಮುಚ್ಚಿ ಕೇಳಿ, "ಇದು ನಮ್ ಟಿಸಿ ಸದ್ದೇ ಸಾರ್, ಆದ್ರೆ ಚೆನ್ನಾಗಿದೆ" ಅಂದರು.

ಟಾಕಿಸ್‌ನ ನೆನಪಿಗೆ ಒಂದು ಸೂಜಿಯನ್ನೂ ಸೇರಿಸಿದೆ. ಗೋಣಿಚೀಲ ಹೊಲಿಯುವ ದಬ್ಬಣವನ್ನು ನೈಲಾನ್ ದಾರದಲ್ಲಿ ತೂಗುಬಿಟ್ಟು, ಅದರ ಎದುರು ಇನ್ನೊಂದು ತಂತಿ, ಹಿಂದೆ ಬೋಲ್ಟ್ ಇರುವ ಕಾಯಿಲ್. ಇದಕ್ಕೆ ಒಂದೇ ದಿಕ್ಕಿಗೆ ಹರಿಯುವ ಡಿಸಿ ಕರೆಂಟ್, ಅದೂ ಕ್ಷಣಮಾತ್ರ, ಹಾಗಾಗಿ ಬೋಲ್ಟ್ ನಡೆಯುತ್ತದೆ. ಗಟ್ಟಿ ಉಕ್ಕಿನ ಬೋಲ್ಟ್ ಆದರೆ ಕರೆಂಟ್ ಹೋದ ಮೇಲೂ ಅಯಸ್ಕಾಂತವಾಗಿಯೇ ಉಳಿದು ಸೂಜಿಯನ್ನು ಬಿಡುವುದಿಲ್ಲ. ಅದಕ್ಕೆ ಮೆತ್ತನೆ ಕಬ್ಬಿಣದ ಬೋಲ್ಟನ್ನು ಊರಿನ ಕುಲುಮೆಯಲ್ಲಿ ಕೆಂಪಗೆ ಕಾಸಿ, ಬೂದಿಯಲ್ಲಿ ಹೂತು, ರಾತ್ರಿಯಿಡೀ ಆರಲು ಬಿಟ್ಟೆವು. ಮುಖಕ್ಕೆ ಹಿತ್ತಾಳೆಯ ತೆಳು ಬಿಲ್ಲೆ ಅಂಟಿಸಿದೆ. ಬೆಂಗಳೂರಿನ ಎಸ್‌.ಪಿ. ರಸ್ತೆಯಿಂದ ತಂದ ಒಂದು ಆರ್ಡುಯಿನೋ (ಪುಟ್ಟ ಕಂಪ್ಯೂಟರ್ ಬೋರ್ಡ್) ಮತ್ತು ಒಂದು ನಿಖರ ಗಡಿಯಾರದ ಚಿಪ್ ಗ್ರಿಡ್ಡನ್ನು ಎಣಿಸುತ್ತ ಇರುತ್ತವೆ. ಫ್ರೀಕ್ವೆನ್ಸಿ 50.00 ದಾಟಿದಾಗೆಲ್ಲ ಕಾಯಿಲ್‌ಗೆ ಒಂದು ಕ್ಷಣ ಕರೆಂಟ್. ದಬ್ಬಣ ಬೀಸಿ ಬಂದು ತಂತಿಗೆ ತಾಗುತ್ತದೆ, ಹಿಂದೆ ಹೋಗುವಾಗ ಇನ್ನೊಮ್ಮೆ ಸವರುತ್ತದೆ. ಒಂದು ಸಲ ತಾಗಿದ ಹಾಗೆ ಇನ್ನೊಂದು ಸಲ ತಾಗುವುದಿಲ್ಲ. ನೋಡಲು ಬಹಳ ಚಂದ. ಆದರೂ ನನ್ನ ಕಿವಿ ಹೋಗುವುದು ಮುಟ್ಟದೆ ನುಡಿಯುವ ತಂತಿಗಳ ಕಡೆಗೇ.

ಇದೆಲ್ಲ ಆದ ಮೇಲೆ ಚಿಕ್ಕಮ್ಮ ಕೇಳಿದ ಒಂದು ಪ್ರಶ್ನೆಯಿಂದ ಹೊಸ ಕೆಲಸ ಹುಟ್ಟಿತು. "ತಂಬೂರಿಯಲ್ಲಿ ಮಂದ್ರಕ್ಕೆ ಹಿತ್ತಾಳೆ ತಂತಿ ಇರತ್ತಲ್ಲೋ, ಅದನ್ನ ಯಾಕೆ ಹಾಕಿಲ್ಲ?" ಹಿತ್ತಾಳೆಯನ್ನು ಅಯಸ್ಕಾಂತ ಎಳೆಯುವುದಿಲ್ಲ. ಅದಕ್ಕೆ ಲೂಸಿಯರ್ ದಾರಿಯೇ ಬೇಕು. ಕರೆಂಟನ್ನು ತಂತಿಯಲ್ಲೇ ಹರಿಸಿ, ಪಕ್ಕದಲ್ಲಿ ಅಯಸ್ಕಾಂತ ಇಡುವುದು. ಹಳೇ ಸ್ಪೀಕರ್‌ಗಳಿಂದ ಬಿಚ್ಚಿದ ಮ್ಯಾಗ್ನೆಟ್‌ಗಳು, ಕರೆಂಟ್ ಮಿತಿಯಲ್ಲಿರಲಿ ಅಂತ ಸಾಲಿನಲ್ಲಿ ಒಂದು 12 ವೋಲ್ಟಿನ ಬೈಕ್ ಇಂಡಿಕೇಟರ್ ಬಲ್ಬ್. ಇಲ್ಲಿ ಕರೆಂಟಿನ ದಿಕ್ಕು ಬದಲಾದರೆ ತಳ್ಳುವ ದಿಕ್ಕೂ ಬದಲಾಗುತ್ತದೆ. ಹಾಗಾಗಿ ಡಯೋಡ್ ಇಲ್ಲದೆಯೇ ನೇರ 50 ಹರ್ಟ್ಜ್. ಹಿತ್ತಾಳೆ ಉಕ್ಕಿಗಿಂತ ಭಾರ, ಅದೇ ದಪ್ಪದ ಎರಡು ಮೀಟರಿಗೆ ಸುಮಾರು 6.8 ಕೆಜಿ ತೂಗಬೇಕು. ತೂಗಿದೆ, ನೀರು ಸುರಿದೆ, ನುಡಿಯಿತು. ಉಕ್ಕಿನದಕ್ಕಿಂತ ಮೆತ್ತನೆಯ, ಅಗಲವಾದ ದನಿ. ಆದರೆ ಈಗಿರುವ ಪೆಟ್ಟಿಗೆ ಅಷ್ಟು ಕೆಳಗಿನ ನಾದಕ್ಕೆ ಚಿಕ್ಕದು, ಅರ್ಧ ಸದ್ದು ಮರದಲ್ಲೇ ಉಳಿಯುತ್ತಿದೆ. ದೊಡ್ಡ ಪೆಟ್ಟಿಗೆಗೆ ಹಲಸಿನ ಹಲಗೆ ಸೀಳಿಸಿ ಅಟ್ಟದ ಮೇಲೆ ಒಣಗಲು ಹಾಕಿದ್ದೇನೆ. ಬಡಗಿಯವರು ದೀಪಾವಳಿ ಕಳೆದ ಮೇಲೆ ಬರುತ್ತೇನೆ ಅಂದಿದ್ದಾರೆ.